ಶರಾವತಿಯ ಬೆಳಕು, ಜಿನೀವಾದ ಮಾತು

ಆಗಮನ ಕಾಲದ ನಡುವೆ, ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನ ಬರುತ್ತದೆ. ಆ ದಿನ ನಾವು ನಮ್ಮದೇ ಮಲೆನಾಡಿನ ಚರಿತ್ರೆಯನ್ನು ನೆನೆಯುವುದು ಒಳಿತು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು ಸಾಗರಕ್ಕೆ ಬರುತ್ತಾಳೆ. ಅಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿ, ಗದ್ದೆ, ಅಡಿಕೆ ತೋಟಗಳು ಮುಳುಗಿದವು. ಸಾವಿರಾರು ಕುಟುಂಬಗಳು ಜಿಲ್ಲೆಯ ಬೇರೆ ಬೇರೆ ಕಡೆ ಕಾಡಿನಲ್ಲಿ ಬದುಕು ಕಟ್ಟಬೇಕಾಯಿತು. ಆ ನೆಲದ ಹಕ್ಕುಪತ್ರಕ್ಕಾಗಿ ಅನೇಕರು ದಶಕಗಳ ಕಾಲ ಅಲೆದರು. ತುಮರಿ ಭಾಗದವರಂತೂ ಹಿನ್ನೀರಿನಾಚೆ ಉಳಿದು, 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಲಾಂಚನ್ನೇ ನಂಬಿದ್ದರು.

ಅಂದು ಇದ್ದುದು 1894ರ ಭೂಸ್ವಾಧೀನ ಕಾಯಿದೆ. ಅದು ನೆಲಕ್ಕೆ ಹಣ ಕೊಡಲು ಹೇಳಿತೇ ಹೊರತು, ಎಬ್ಬಿಸಿದವರನ್ನು ಮತ್ತೆ ನೆಲೆಗೊಳಿಸಬೇಕೆಂದು ಹೇಳಲಿಲ್ಲ.

ವಿಶ್ವಸಂಸ್ಥೆಯಾದರೋ 1948ರಲ್ಲೇ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿತ್ತು. ಅದರ ಮೊದಲ ವಿಧಿ ‘ಎಲ್ಲ ಪುರುಷರು’ ಎನ್ನದೆ ‘ಎಲ್ಲ ಮಾನವರು’ ಎನ್ನುವಂತೆ ಮಾಡಿದವರು ನಮ್ಮ ದೇಶದ ಹಂಸಾ ಮೆಹ್ತಾ. 25ನೆಯ ವಿಧಿ ವಸತಿಯನ್ನೂ ಹಕ್ಕೆಂದು ಎಣಿಸಿತು. ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರು 1963ರ ‘ಪಾಚೆಮ್ ಇನ್ ತೆರ್ರಿಸ್’ ಪತ್ರದಲ್ಲಿ ಈ ಘೋಷಣೆಯನ್ನು ಸ್ವಾಗತಿಸಿದರು. ಆದರೆ ಘೋಷಣೆಗೆ ಕಾನೂನಿನ ಕಟ್ಟು ಇರಲಿಲ್ಲ.

ಆ ಕಟ್ಟು ಬಂದದ್ದು 1966ರ ಎರಡು ಒಡಂಬಡಿಕೆಗಳಿಂದ. 1979ರಲ್ಲಿ ಭಾರತ ಅವನ್ನು ಒಪ್ಪಿಕೊಂಡಿತು. ಹೀಗೆ ತನ್ನ ಜನರನ್ನು ನಡೆಸಿಕೊಂಡ ಬಗೆಯನ್ನು ಸರ್ಕಾರವು ಜಿನೀವಾದ ಸಮಿತಿಗಳಿಗೆ ವರದಿ ಮಾಡಬೇಕಾಯಿತು. 1997ರಲ್ಲಿ ಅಂಥ ಒಂದು ಸಮಿತಿ, ಒಕ್ಕಲೆಬ್ಬಿಸುವುದರಿಂದ ಯಾರೂ ಮನೆಯಿಲ್ಲದವರಾಗಬಾರದು ಎಂದಿತು. ಅದೇ ವರ್ಷ ವಿಶಾಖಾ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ದುಡಿಯುವ ಮಹಿಳೆಯರ ರಕ್ಷಣೆಗೆ ದೇಶದಲ್ಲಿ ಕಾನೂನಿಲ್ಲದ ಕಡೆ ಅಂತರರಾಷ್ಟ್ರೀಯ ಒಪ್ಪಂದವನ್ನೇ ಆಧಾರವಾಗಿ ಹಿಡಿಯಿತು. ಪರಿಹಾರದ ಜೊತೆಗೆ ಪುನರ್ವಸತಿಯನ್ನೂ ಕರ್ತವ್ಯವಾಗಿಸಿದ ಹೊಸ ಭೂಸ್ವಾಧೀನ ಕಾಯಿದೆ ಬಂದದ್ದು 2013ರಲ್ಲಿ. ಲಿಂಗನಮಕ್ಕಿಯ ಜನರಿಗೆ ಅದು ಸುಮಾರು ಅರ್ಧ ಶತಮಾನ ತಡ.

ಹಕ್ಕು ಗಡಿ ದಾಟಿ ಬರುತ್ತದೆ, ಆದರೆ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಯಾರಾದರೂ ಅದನ್ನು ಕೈಹಿಡಿದು ಕರೆತರಬೇಕು. ಮುಳುಗಡೆಯ ನೆರೆಯವರು ಹಕ್ಕುಪತ್ರ ಕೇಳಿದರೆ ಅದು ಭಿಕ್ಷೆಯಲ್ಲ. ಅವರ ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಗೆ ಹೋಗುವುದು ನಮ್ಮಿಂದ ಆಗುವ ಕೆಲಸ. ತಂಗಲು ಜಾಗ ಸಿಗದ ಕುಟುಂಬಕ್ಕಾಗಿ ಗೋದಲಿ ಕಟ್ಟಿ ದೀಪದ ಸರ ಹಚ್ಚುವಾಗ, ಆ ಬೆಳಕಿಗಾಗಿ ಮನೆ ಬಿಟ್ಟವರನ್ನೂ ನೆನೆಯೋಣ.