ಹೆಸರು ಹೇಳದ ಮತದಾರರು

1951ರ ಅಕ್ಟೋಬರ್ 25ರಂದು, ಹಿಮ ಬಿದ್ದು ಕಣಿವೆಯ ದಾರಿಗಳು ಮುಚ್ಚಿಹೋಗುವ ಮುನ್ನವೇ ಮುಗಿಸಬೇಕೆಂದು, ಹಿಮಾಚಲದ ಚಿನಿ ಎಂಬಲ್ಲಿ ಸ್ವತಂತ್ರ ಭಾರತದ ಮೊದಲ ಮತಗಳನ್ನು ಹಾಕಿಸಿದರು. ಅಲ್ಲಿ ಮೊದಲಾದ ಕಾರ್ಯ ಮುಗಿದದ್ದು 1952ರ ಫೆಬ್ರವರಿಯಲ್ಲಿ. ಆ ಚುನಾವಣೆಯ ಕಥೆಯನ್ನು ಹೇಳುವವರು ಗೆದ್ದವರ, ಸೋತವರ ಮಾತನ್ನೇ ಹೆಚ್ಚಾಗಿ ಆಡುತ್ತಾರೆ. ನನ್ನ ಕುತೂಹಲವೆಲ್ಲ ಮತಗಟ್ಟೆಯ ಪರದೆಯ ಹಿಂದೆ ಏನಿತ್ತು ಎಂಬುದರ ಮೇಲೆ.

ಮತದಾರರು 17 ಕೋಟಿಗೂ ಮೇಲು. ಓದುಬರಹ ಬಲ್ಲವರು ನೂರಕ್ಕೆ ಹದಿನೆಂಟರಷ್ಟು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರ ಮುಂದಿದ್ದ ಕಷ್ಟ ಇಷ್ಟೆ: ಅಕ್ಷರ ಅರಿಯದವನೂ ಯಾರ ಸಹಾಯವೂ ಇಲ್ಲದೆ ಒಳಗೆ ಬಂದು ಮತ ಹಾಕಬೇಕು, ಅದೇ ಬಾಗಿಲಿನಿಂದ ಕಳ್ಳ ನುಸುಳಬಾರದು. ಅವರು ಹಿಡಿದ ಉಪಾಯ ಸರಳವಾದದ್ದು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಜೋಡೆತ್ತು, ಗುಡಿಸಲು, ಆನೆ ಇವನ್ನು ಗುರುತಿಸಲು ಶಾಲೆಗೆ ಹೋಗಿರಬೇಕಾಗಿಲ್ಲ. ಮತದಾರ ಕಾಗದದ ಮೇಲೆ ಏನನ್ನೂ ಬರೆಯಬೇಕಾಗಿರಲಿಲ್ಲ. ಮನಸ್ಸಿಗೆ ಬಂದ ಪೆಟ್ಟಿಗೆಯೊಳಗೆ ಅದನ್ನು ಇಳಿಬಿಟ್ಟರೆ ಮುಗಿಯಿತು. ಅದಕ್ಕಾಗಿ 20 ಲಕ್ಷದಷ್ಟು ಉಕ್ಕಿನ ಪೆಟ್ಟಿಗೆಗಳು ಬೇಕಾದವು. ಎಣಿಕೆಗೆಂದು ತೆರೆದಾಗ ಕೆಲವು ಪೆಟ್ಟಿಗೆಗಳಲ್ಲಿ ಮತಪತ್ರಗಳ ಜೊತೆಗೆ ಅಭ್ಯರ್ಥಿಗಳನ್ನು ಬೈದು ಬರೆದ ಚೀಟಿಗಳೂ ಸಿನಿಮಾ ನಟರ ಚಿತ್ರಗಳೂ ಸಿಕ್ಕಿದವಂತೆ. ಜನ ಆ ಪೆಟ್ಟಿಗೆಯೊಡನೆ ಎಷ್ಟು ಸಲಿಗೆಯಿಂದ ನಡೆದುಕೊಂಡರು ನೋಡಿ.

ಆದರೆ ಈ ಸರಳತೆಯ ಹೊಟ್ಟೆಯಲ್ಲೇ ಅಪಾಯವೂ ಇತ್ತು. ಗುಟ್ಟು ಕಾಯಬೇಕೆಂದರೆ ಪರದೆಯ ಹಿಂದೆ ಮತದಾರ ಒಬ್ಬನೇ ಇರಬೇಕು. ಗುರುತಿಲ್ಲದ ಕಾಗದವನ್ನು ಅಲ್ಲಿ ಪೆಟ್ಟಿಗೆಗೆ ಹಾಕದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದು ದಲ್ಲಾಳಿಗೆ ಮಾರಿದರೆ ಕಂಡವರಾರು? ಹಾಗೆ ಕೂಡಿಬಂದ ಕಾಗದಗಳನ್ನೆಲ್ಲ ಇನ್ನೊಬ್ಬ ಒಯ್ದು ಒಂದೇ ಪೆಟ್ಟಿಗೆಗೆ ತುಂಬಬಹುದಲ್ಲ! ಆದ್ದರಿಂದಲೇ 1962ರ ಮಹಾಚುನಾವಣೆಯ ಹೊತ್ತಿಗೆ ಪದ್ಧತಿ ಬದಲಾಯಿತು. ಎಲ್ಲ ಹೆಸರು, ಎಲ್ಲ ಚಿಹ್ನೆ ಒಂದೇ ಮತಪತ್ರದ ಮೇಲೆ. ಮತದಾರ ಮುದ್ರೆಯೊತ್ತಿ, ಮಡಿಸಿ, ಎಲ್ಲರ ಕಣ್ಣೆದುರಿಗಿರುವ ಒಂದೇ ಪೆಟ್ಟಿಗೆಗೆ ಹಾಕಬೇಕು. ಮಡಿಸಿದಾಗ ಹಸಿ ಮಸಿ ಇನ್ನೊಂದು ಹೆಸರಿನ ಮೇಲೂ ಅಂಟಿಕೊಂಡರೆ? ಅದಕ್ಕೂ ಪರಿಹಾರ ದೊರೆಯಿತು. ಮುಂದೆ ಬಳಕೆಗೆ ಬಂದ ಮುದ್ರೆಯ ಬಾಣಗಳು ಒಂದು ದಿಕ್ಕಿಗೆ ತಿರುಗಿದಂತಿರುತ್ತವೆ. ಅಂಟಿದ ಕಲೆಯಲ್ಲಿ ಅವು ಎದುರು ದಿಕ್ಕಿಗೆ ತಿರುಗಿ ಕಾಣುತ್ತವೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂಬುದು ಎಣಿಸುವವನಿಗೆ ಗೊತ್ತಾಗುತ್ತದೆ. ಹೆಬ್ಬೆಟ್ಟಿನವನ ಮತವೂ ಹಾಳಾಗಬಾರದೆಂಬ ಕಾಳಜಿ ಅದರಲ್ಲಿದೆ.

ಬೆರಳಿನ ಮಸಿಯ ಮಾತು ಬಂದಾಗ ನಮ್ಮ ಮೈಸೂರನ್ನು ನೆನೆಯದಿರಲಾಗದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅರಗು ಮತ್ತು ಬಣ್ಣಕ್ಕೆಂದು ಹುಟ್ಟಿದ ಕಾರ್ಖಾನೆ 1962ರಿಂದ ಈ ಮಸಿಯನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ತಾಗಿದಂತೆಲ್ಲ ಕಪ್ಪಾಗುತ್ತದೆ. ಸೋಪಿಗೂ ಬಗ್ಗದು, ಸೀಗೆಪುಡಿಗೂ ಬಗ್ಗದು. ಉಗುರು ಬೆಳೆದು ತಾನಾಗಿ ಹೋಗಬೇಕು. ಒಬ್ಬನೇ ಎರಡು ಸಲ ಮತ ಹಾಕದಂತೆ ತಡೆಯುವ ಈ ಕಾವಲು ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ಕಾಗದಪತ್ರ ಕೇಳುವುದಿಲ್ಲ. ನಾನು ಕಂಡ ಕಾವಲುಗಳಲ್ಲೆಲ್ಲ ಅತ್ಯಂತ ಮರ್ಯಾದಸ್ಥ ಕಾವಲು ಇದೇ.

ಇನ್ನೊಂದು ಕಾವಲಿನ ಬಗ್ಗೆ ಅಷ್ಟು ನಿರಾಳವಾಗಿ ಮಾತನಾಡಲಾರೆ. ಮೊದಲ ಪಟ್ಟಿ ಸಿದ್ಧವಾಗುತ್ತಿದ್ದಾಗ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಭಾರತ, ವಿಂಧ್ಯಪ್ರದೇಶಗಳ ಅನೇಕ ಹೆಂಗಸರು ಮನೆ ಬಾಗಿಲಿಗೆ ಬಂದ ಅಪರಿಚಿತ ಗುಮಾಸ್ತನಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ನಮ್ಮ ಕಡೆ ಗಂಡನ ಹೆಸರು ಹೇಳಲು ನಾಚಿ ಒಡಪಿನಲ್ಲಿ ಅಡಗಿಸಿ ಹೇಳುವ ವಾಡಿಕೆಯಿದೆ. ಅಲ್ಲಿ ಅಡಗಿದ್ದು ಅವಳದೇ ಹೆಸರು. ಸೇನ್ ಅವರು ಒಪ್ಪಲಿಲ್ಲ. ಹೆಸರಿಲ್ಲದ ನಮೂದಿನ ಹಿಂದೆ ಯಾರು ಬೇಕಾದರೂ ಬಂದು ನಿಲ್ಲಬಹುದಲ್ಲವೆ? ಬಿಹಾರಕ್ಕೆ ವಿಶೇಷವಾಗಿ ಹೆಚ್ಚಿನ ಕಾಲಾವಕಾಶ ಕೊಟ್ಟರು. ಅಲ್ಲಿ ಅದರಿಂದ ಪ್ರಯೋಜನವಾಯಿತು. ರಾಜಸ್ಥಾನದಲ್ಲಿ ಸ್ಪಂದನ ಕಡಿಮೆ. ಕೊನೆಗೆ ಎಂಟು ಕೋಟಿಯಷ್ಟಿದ್ದ ಸ್ತ್ರೀ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿ ಪಟ್ಟಿಯಿಂದ ಹೊರಗುಳಿದರು.

ಇದರಿಂದ ಗದ್ದಲವೆದ್ದಾಗ, ಅದು ಒಳ್ಳೆಯದೇ, ಮುಂದಿನ ಚುನಾವಣೆಯ ಹೊತ್ತಿಗೆ ಈ ಸಂಕೋಚ ಕಳೆದೀತು ಎಂದು ಸೇನ್ ಭಾವಿಸಿದರು. ನಿಯಮವಾಗಿ ನೋಡಿದರೆ ಅವರ ನಿಲುವಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಗಂಡನ ಬಾಲವಾಗಿ ಅಲ್ಲ, ತನ್ನ ಹೆಸರಿನಲ್ಲೇ ಅವಳು ಪಟ್ಟಿಗೆ ಬರಬೇಕೆಂಬ ಹಟದಲ್ಲಿ ಅವಳ ಬಗ್ಗೆ ಗೌರವವೂ ಇತ್ತು. ಆದರೂ ಆ ಹಟದ ಬೆಲೆ ತೆತ್ತವರು ಆಯುಕ್ತರಲ್ಲ, ಗುಮಾಸ್ತರಲ್ಲ, ಹೆಸರು ಹೇಳಬಾರದೆಂದು ಕಲಿಸಿದ ಮನೆಯ ಗಂಡಸರೂ ಅಲ್ಲ. ಆ ಗಂಡಸರು 1952ರಲ್ಲಿ ಮತ ಹಾಕಿ ಬಂದರು. ಎರಡನೆಯ ಮಹಾಚುನಾವಣೆ ನಡೆದದ್ದು 1957ರಲ್ಲಿ. ನಡುವಿನ ಐದು ವರ್ಷಗಳಲ್ಲಿ ಆ 28 ಲಕ್ಷದೊಳಗಿನ ಮುದುಕಿಯರು ಎಷ್ಟು ಮಂದಿ ತೀರಿಕೊಂಡರೋ, ಅವರಿಗೆ ಆ ಸರದಿ ಬರಲೇ ಇಲ್ಲ.