ಒಂದೆಲಗ: ತಂಬುಳಿಯಿಂದ ಪ್ರಯೋಗಾಲಯದವರೆಗೆ

ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದೆಲಗವನ್ನು ಯಾರೂ ಮುತುವರ್ಜಿಯಿಂದ ನೆಡುವುದಿಲ್ಲ. ನೀರಿನ ಪಸೆ ಇರುವಲ್ಲಿ, ತೋಟದ ನೆರಳಲ್ಲಿ ಅದು ತಾನೇ ಹಬ್ಬುತ್ತದೆ. ತುಳುವರಿಗೆ ಇದು ತಿಮರೆ. ಮಕ್ಕಳಿಗೆ ಬುದ್ಧಿ ಚುರುಕಾಗಲೆಂದು ತಿನ್ನಿಸುವ ಎಲೆಯೆಂದೇ ಇದರ ಖ್ಯಾತಿ. ಆದರೆ ಇದರ ಬಳಕೆಯ ಜಾಡು ಹಿಡಿದು ಹೋದರೆ, ನೆನಪಿನ ಶಕ್ತಿಗಿಂತ ಮನಸ್ಸಿನ ನೆಮ್ಮದಿಗೇ ಈ ಎಲೆ ಹೆಚ್ಚು ಸಲ್ಲುತ್ತದೆ ಅನ್ನಿಸುತ್ತದೆ.

ಚರಕ ಸಂಹಿತೆ ಹೇಳುವ ನಾಲ್ಕು ಮೇಧ್ಯ (ಬುದ್ಧಿವರ್ಧಕ) ರಸಾಯನಗಳಲ್ಲಿ ಮಂಡೂಕಪರ್ಣಿಯ, ಅಂದರೆ ಒಂದೆಲಗದ, ಹಸಿ ರಸವೂ ಒಂದು. ಉಳಿದವು ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಸುಶ್ರುತ ಸಂಹಿತೆ ಮಂಡೂಕಪರ್ಣಿಯನ್ನೂ ಬ್ರಾಹ್ಮಿಯನ್ನೂ ಬೇರೆ ಬೇರೆಯಾಗಿಯೇ ಹೇಳುತ್ತದೆ. ಮುಂದೆ ಈ ಗೆರೆ ಅಳಿಸಿಹೋಯಿತು. ಕೇರಳದಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ ಎಂಬ ಬೇರೆಯೇ ಗಿಡ, ನಮ್ಮಲ್ಲಿ ಹಲವರಿಗೆ ಒಂದೆಲಗವೇ ಬ್ರಾಹ್ಮಿ. ಹೀಗಾಗಿ ಒಂದು ಗಿಡದ ಮೇಲೆ ನಡೆದ ಸಂಶೋಧನೆಯ ಕೀರ್ತಿ ಇನ್ನೊಂದಕ್ಕೆ ಅಂಟಿಕೊಂಡಿದೆ.

ಅಡುಗೆಮನೆ ಮಾತ್ರ ಈ ಗೊಂದಲಕ್ಕೆ ಸಿಕ್ಕಲಿಲ್ಲ. ಎಲೆಯನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಬಾಡಿಸದೆ ಹಸಿಯಾಗಿಯೇ ರುಬ್ಬುವವರೂ ಉಂಟು. ಬೇಸಿಗೆಯ ಊಟದಲ್ಲಿ ಮೊದಲ ಅನ್ನಕ್ಕೆ ಅದನ್ನು ಕಲಸಿಕೊಳ್ಳುವ ಸುಖ ಉಂಡವರಿಗೇ ಗೊತ್ತು. ಎಲೆಯ ರಸವನ್ನು ತೆಂಗಿನೆಣ್ಣೆಗೆ ಹಾಕಿ, ನೀರಿನಂಶ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿದ ಎಣ್ಣೆ ತಲೆಗೆ. ಉಷ್ಣ ಇಳಿಯಲಿ, ನಿದ್ದೆ ಬರಲಿ ಎಂದು ಹಿರಿಯರು ಅದನ್ನು ನೆತ್ತಿಗೆ ತಟ್ಟುತ್ತಿದ್ದರು.

ಪಾಶ್ಚಾತ್ಯ ವೈದ್ಯರ ಕಣ್ಣಿಗೆ ಒಂದೆಲಗ ಬಿದ್ದದ್ದು ಚರ್ಮದ ಮದ್ದಾಗಿ. 19ನೇ ಶತಮಾನದ ನಡುವೆ ಮಾರಿಷಸ್‌ನಲ್ಲಿ ಕುಷ್ಠರೋಗಿಗಳ ಮೇಲೆ ಪ್ರಯೋಗವಾಯಿತು. 1868ರ ಭಾರತೀಯ ಔಷಧಕೋಶ ಇದನ್ನು ಅಧಿಕೃತ ಮದ್ದುಗಳ ಸಾಲಿಗೆ ಸೇರಿಸಿತು. 1941ರಲ್ಲಿ ಇದರಿಂದ ಏಷ್ಯಾಟಿಕೋಸೈಡ್ ಎಂಬ ಸತ್ವವನ್ನು ಬೇರ್ಪಡಿಸಿದರು. ಗಾಯ ಮಾಯಿಸುವ ಮುಲಾಮುಗಳು ಅದರಿಂದಲೇ ಬಂದವು.

ಮನಸ್ಸಿನ ಮೇಲಿನ ಪರಿಣಾಮದ ಪರೀಕ್ಷೆ ತಡವಾಗಿ ನಡೆಯಿತು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 40 ಆರೋಗ್ಯವಂತರ ಪೈಕಿ 12 ಗ್ರಾಂ ಒಂದೆಲಗ ಸೇವಿಸಿದವರು ಹಠಾತ್ ಸದ್ದಿಗೆ ಬೆಚ್ಚುವುದು ಕಡಿಮೆಯಾಯಿತು. 11 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2017ರ ವಿಮರ್ಶೆಗೆ ಬುದ್ಧಿಶಕ್ತಿ ಹೆಚ್ಚಿದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ; ಸಿಟ್ಟು ತಗ್ಗಿ ಲವಲವಿಕೆ ಹೆಚ್ಚಿದ ಸೂಚನೆಗಳು ಕಂಡವು. ಪ್ರಯೋಗಗಳು ಚಿಕ್ಕವು, ನಿಜ. ಆದರೂ ತಲೆ ತಂಪಾಗಲಿ ಎಂದು ಎಣ್ಣೆ ತಟ್ಟಿದವರ ಅನುಭವದ ಕಡೆಗೇ ಅವು ವಾಲುತ್ತವೆ.

ಊಟದ ಸೊಪ್ಪು ಬೇರೆ, ಸಾಂದ್ರ ಮಾತ್ರೆ ಬೇರೆ. ಒಂದೆಲಗದ ಮಾತ್ರೆ ನುಂಗಿದ ಮೂವರಿಗೆ ಯಕೃತ್ತಿನ ತೊಂದರೆಯಾದ ವರದಿ 2005ರಲ್ಲಿ ಅರ್ಜೆಂಟೀನಾದಿಂದ ಬಂದಿತ್ತು. ಗರ್ಭಿಣಿಯರು, ನಿದ್ದೆಯ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮಾತ್ರೆಗೆ ಕೈಹಾಕಬಾರದು. ಗಿಡ ಬೆಳೆದ ಮಣ್ಣಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಎಲೆಗೂ ಸೇರುತ್ತವೆ. ಆದ್ದರಿಂದ ಚರಂಡಿಯಂಚಿನ ಸೊಪ್ಪನ್ನು ಕೀಳಬೇಡಿ. ಬೇರುಳ್ಳ ಒಂದು ಕುಡಿ ತಂದು ಕುಂಡದಲ್ಲಿ ನೆಟ್ಟುಕೊಳ್ಳಿ.