ಪಠ್ಯವಾದ ದತ್ತಾಂಶ ಮರಳಿ ದತ್ತಾಂಶವಾಗುವುದೇ?

ಪ್ಯಾಂಡಾಸ್ ಲೈಬ್ರರಿಯ ಒಂದು ಟೇಬಲ್ ಇದೆ, ಅದರ ಒಂದು ಕಾಲಮ್ಮಿನ ಪ್ರತಿ ಕೋಶದಲ್ಲೂ 2000 ಸಂಖ್ಯೆಗಳ ನಂಪೈ ಅರೇ ಇದೆ ಎಂದುಕೊಳ್ಳಿ. ಅದನ್ನು ಸಿಎಸ್‌ವಿ ಫೈಲಿಗೆ ಬರೆಸಿದರೆ ಯಾವ ದೋಷಸಂದೇಶವೂ ಬರುವುದಿಲ್ಲ. ಫೈಲ್ ತೆರೆದರೆ ಮಾತ್ರ ಪ್ರತಿ ಸಾಲಿನಲ್ಲೂ ಮೊದಲ ಮೂರು ಸಂಖ್ಯೆ, ನಡುವೆ ಮೂರು ಚುಕ್ಕಿ, ಕೊನೆಯ ಮೂರು ಸಂಖ್ಯೆ ಕಾಣುತ್ತವೆ. ಉಳಿದ 1994 ಸಂಖ್ಯೆಗಳು ಆ ಫೈಲಿನಲ್ಲಿ ಎಲ್ಲೂ ಇಲ್ಲ. ಸಾವಿರಕ್ಕಿಂತ ದೊಡ್ಡ ಅರೇಯನ್ನು ನಂಪೈ ಹೀಗೆ ಮೊಟಕುಗೊಳಿಸಿ ತೋರಿಸುವುದು ಪರದೆಯ ಮುಂದೆ ಕೂತವರ ಅನುಕೂಲಕ್ಕೆ. ಆ ಅನುಕೂಲವೇ ಫೈಲಿಗೂ ಇಳಿದುಬಿಟ್ಟಿತು.

ಆಬ್ಜೆಕ್ಟೊಂದನ್ನು ಪಠ್ಯವಾಗಿಸುವುದರ ಹಿಂದೆ ಎರಡು ಉದ್ದೇಶಗಳಿರುತ್ತವೆ. ಮನುಷ್ಯ ನೋಡಿ ತಿಳಿಯಲಿ ಎಂಬುದು ಒಂದು, ಯಂತ್ರ ಅದನ್ನು ಓದಿ ಅದೇ ಆಬ್ಜೆಕ್ಟನ್ನು ಮತ್ತೆ ಕಟ್ಟಲಿ ಎಂಬುದು ಇನ್ನೊಂದು. ಸೀರಿಯಲೈಸೇಷನ್ ಎಂದು ಕರೆಯಬೇಕಾದದ್ದು ಎರಡನೆಯದನ್ನು ಮಾತ್ರ. ಈ ಕ್ಷೇತ್ರದ ಆರು ದಶಕಗಳನ್ನು ತಿರುಗಿ ನೋಡಿದರೆ, ಎರಡನ್ನೂ ಬೆರೆಸಿದಾಗ ಹೆಚ್ಚಾಗಿ ಪೆಟ್ಟು ಬಿದ್ದಿದೆ, ಬೇರ್ಪಡಿಸಿದಾಗಲೆಲ್ಲ ಕ್ಷೇತ್ರ ಮುಂದೆ ಸಾಗಿದೆ.

ಆರಂಭ ಲಿಸ್ಪ್ ಭಾಷೆಯಿಂದ. ಜಾನ್ ಮೆಕಾರ್ತಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪಟ್ಟಿಗಳನ್ನು ಆವರಣ ಚಿಹ್ನೆಗಳೊಳಗೆ ಬರೆಯುವ ಕ್ರಮವಿತ್ತು. ಪ್ರೋಗ್ರಾಮ್ ಮತ್ತು ದತ್ತಾಂಶ ಎರಡಕ್ಕೂ ಅದೇ ರೂಪ. ಮುದ್ರಿಸಿದ್ದನ್ನು ಮತ್ತೆ ಓದಿಸಬಹುದು ಎಂಬ ನಿರೀಕ್ಷೆ ಹುಟ್ಟಿದ್ದು ಈ ಪರಂಪರೆಯಲ್ಲಿ. ಮುಂದೆ ಕಾಮನ್ ಲಿಸ್ಪ್ ಒಂದು ಪ್ರಾಮಾಣಿಕ ನಿಯಮ ಸೇರಿಸಿತು: ಮರಳಿ ಓದಲಾಗದ ವಸ್ತುವನ್ನು ಮುದ್ರಿಸುವಾಗ ಅದರ ಆರಂಭದಲ್ಲಿ #< ಎಂಬ ಗುರುತು ಇರುತ್ತದೆ, ಓದುವ ಭಾಗಕ್ಕೆ ಆ ಗುರುತು ಸಿಕ್ಕರೆ ಅಲ್ಲೇ ದೋಷವೆಂದು ನಿಲ್ಲುತ್ತದೆ. ತಪ್ಪಾಗಿ ಓದುವುದಕ್ಕಿಂತ ಓದಲು ನಿರಾಕರಿಸುವುದು ಲೇಸು. ಇಂದಿನ ಅನೇಕ ಲೈಬ್ರರಿಗಳಿಗೆ ಈ ವಿವೇಕವಿಲ್ಲ.

ಸ್ಮಾಲ್‌ಟಾಕ್-80 ಇನ್ನೂ ಸ್ಪಷ್ಟವಾಗಿತ್ತು. ಅಲ್ಲಿ ಪ್ರತಿ ಆಬ್ಜೆಕ್ಟಿಗೂ ಎರಡು ಪ್ರತ್ಯೇಕ ಮೆಥಡ್‌ಗಳು: ನೋಡುವವರಿಗಾಗಿ ಪ್ರಿಂಟ್‌ಸ್ಟ್ರಿಂಗ್, ಮರುಸೃಷ್ಟಿಗಾಗಿ ಸ್ಟೋರ್‌ಸ್ಟ್ರಿಂಗ್. ಎರಡನೆಯದು ಕೊಡುವುದು ಒಂದು ಸ್ಮಾಲ್‌ಟಾಕ್ ವಾಕ್ಯ. ಅದನ್ನು ನಡೆಸಿದರೆ ಅಂಥದೇ ಆಬ್ಜೆಕ್ಟ್ ಹುಟ್ಟುತ್ತದೆ.

ಪೈಥಾನ್‌ನ ರೆಪ್ರ್ ಇದೇ ವಂಶದ್ದು. ಅನೇಕ ಬಗೆಯ ವಸ್ತುಗಳಿಗೆ ರೆಪ್ರ್ ಕೊಟ್ಟ ಪಠ್ಯವನ್ನು ಇವ್ಯಾಲ್‌ಗೆ ಕೊಟ್ಟರೆ ಅದೇ ಮೌಲ್ಯ ಸಿಗುತ್ತದೆ. ಆದರೆ ಇವ್ಯಾಲ್ ಎಂದರೆ ಬಂದ ಪಠ್ಯವನ್ನು ಪ್ರೋಗ್ರಾಮ್ ಆಗಿ ನಡೆಸುವುದು. ಪಠ್ಯ ಅಪರಿಚಿತರಿಂದ ಬಂದಿದ್ದರೆ ಯಂತ್ರದ ಬೀಗದ ಕೈಯನ್ನೇ ಅವರಿಗೆ ಕೊಟ್ಟಂತೆ. ಆಬ್ಜೆಕ್ಟುಗಳನ್ನು ಸೀರಿಯಲೈಸ್ ಮಾಡಲೆಂದೇ ಪೈಥಾನ್‌ನಲ್ಲಿರುವ ಪಿಕಲ್‌ನ ಮೊದಲ ರೂಪವೂ ಆಸ್ಕಿ ಪಠ್ಯವೇ ಆಗಿತ್ತು. ಪಠ್ಯವೆಂಬ ಮಾತ್ರಕ್ಕೆ ಅದು ಸುರಕ್ಷಿತವಾಗಿರಲಿಲ್ಲ, ನಂಬಲಾಗದ ಪಿಕಲ್ ತೆರೆಯಬೇಡಿ ಎಂಬ ಎಚ್ಚರಿಕೆ ಪೈಥಾನ್‌ನ ಅಧಿಕೃತ ಕೈಪಿಡಿಯಲ್ಲಿ ಇಂದಿಗೂ ಇದೆ. 2013ರ ಜನವರಿಯಲ್ಲಿ ವೆಬ್ ಚೌಕಟ್ಟಾದ ರೂಬಿ ಆನ್ ರೈಲ್ಸ್‌ನಲ್ಲಿ ಬಯಲಾದ ಗಂಭೀರ ದೋಷದ ಬೇರೂ ಇಲ್ಲೇ ಇತ್ತು: ಹೊರಗಿನಿಂದ ಬಂದ, ಯಾಮಲ್ ಎಂಬ ದತ್ತಾಂಶ ರೂಪದ ಪಠ್ಯ ತನಗೆ ಬೇಕಾದ ಆಬ್ಜೆಕ್ಟನ್ನು ಸರ್ವರಿನೊಳಗೆ ಸೃಷ್ಟಿಸಬಹುದಿತ್ತು. ಇವ್ಯಾಲ್‌ಗೆ ಬದಲಾಗಿ 2008ರ ಪೈಥಾನ್ 2.6ರಲ್ಲಿ ಬಂದ ಲಿಟರಲ್ ಇವ್ಯಾಲ್ ಸಂಖ್ಯೆ, ಸ್ಟ್ರಿಂಗ್, ಪಟ್ಟಿಯಂಥ ಸರಳ ಮೌಲ್ಯಗಳನ್ನಷ್ಟೇ ಓದಿ ಉಳಿದದ್ದನ್ನು ತಿರಸ್ಕರಿಸುತ್ತದೆ.

ಜೇಸನ್ ಎಂಬ ಪಠ್ಯರೂಪ ಗೆದ್ದದ್ದು ತನ್ನ ಬಡತನದಿಂದ. ಡಗ್ಲಸ್ ಕ್ರಾಕ್‌ಫರ್ಡ್ 2001ರ ಸುಮಾರಿಗೆ ಮುಂದಿಟ್ಟ ಈ ರೂಪದಲ್ಲಿ ದಿನಾಂಕಕ್ಕೂ ಜಾಗವಿಲ್ಲ, ಸ್ವಂತ ಕ್ಲಾಸುಗಳಿಗೂ ಜಾಗವಿಲ್ಲ. ಆದ್ದರಿಂದಲೇ ಯಾವ ಭಾಷೆಯಲ್ಲಾದರೂ ಅದನ್ನು ಓದುವ ಪ್ರೋಗ್ರಾಮ್ ಬರೆಯುವುದು ಸುಲಭ. ವಿಚಿತ್ರವೆಂದರೆ ಮೊದಮೊದಲು ಬ್ರೌಸರುಗಳಲ್ಲಿ ಜೇಸನ್ ಓದುತ್ತಿದ್ದುದೂ ಇವ್ಯಾಲ್‌ನಿಂದಲೇ. ಜಾವಾಸ್ಕ್ರಿಪ್ಟ್ ಮಾನಕದಲ್ಲಿ ಅದಕ್ಕೆಂದೇ ಪಾರ್ಸ್ ಸೌಲಭ್ಯ ಬಂದದ್ದು 2009ರಲ್ಲಿ.

ಈ ಕಥೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ದಶಮಾಂಶ ಸಂಖ್ಯೆಗಳ ಅಧ್ಯಾಯ. 0.1 ಎಂಬುದನ್ನು ಕಂಪ್ಯೂಟರಿನ ದ್ವಿಮಾನ ರೂಪದಲ್ಲಿ ಕರಾರುವಾಕ್ಕಾಗಿ ಇಡಲಾಗದು, ಹತ್ತಿರದ ಇನ್ನೊಂದು ಸಂಖ್ಯೆ ಅದರ ಜಾಗದಲ್ಲಿ ಕೂರುತ್ತದೆ. 64 ಬಿಟ್‌ಗಳ ಯಾವ ಸಂಖ್ಯೆಯನ್ನಾದರೂ 17 ಅಂಕಿಗಳಲ್ಲಿ ಬರೆದರೆ ಮರಳಿ ಪಡೆಯಬಹುದು. ಹಳೆಯ ಪೈಥಾನ್ ಅದನ್ನೇ ಮಾಡುತ್ತಿತ್ತು, 0.1 ಎಂದು ಕೊಟ್ಟವರಿಗೆ 0.10000000000000001 ಎಂದು ತೋರಿಸಿ ಗಾಬರಿಪಡಿಸುತ್ತಿತ್ತು. 15 ಅಂಕಿಗೆ ಮೊಟಕುಗೊಳಿಸಿದರೆ ಕಣ್ಣಿಗೆ ಹಿತ, ಆದರೆ ಕೆಲವು ಸಂಖ್ಯೆಗಳು ಮರಳಿ ಬರುವುದಿಲ್ಲ. ಗೈ ಸ್ಟೀಲ್ ಮತ್ತು ಜಾನ್ ವೈಟ್ 1990ರಲ್ಲಿ ಪ್ರಕಟಿಸಿದ ಪ್ರಬಂಧ ಈ ಇಕ್ಕಟ್ಟಿಗೆ ಉತ್ತರ ಕೊಟ್ಟಿತು: ಮರಳಿ ಓದಿದಾಗ ಅದೇ ಸಂಖ್ಯೆ ಸಿಗುವಂಥ ಅತಿ ಚಿಕ್ಕ ಬರಹವನ್ನು ಹುಡುಕಿ. ಅದೇ ಸಮ್ಮೇಳನದಲ್ಲಿ ವಿಲಿಯಂ ಕ್ಲಿಂಗರ್, ಸಂಖ್ಯೆಯನ್ನು ತಪ್ಪಿಲ್ಲದೆ ಓದುವ ಬಗೆಯನ್ನು ವಿವರಿಸಿದರು. ಡೇವಿಡ್ ಗೇ ಬರೆದ ಕೋಡ್ ಆಧರಿಸಿ 2009ರ ಪೈಥಾನ್ 3.1 ಈ ದಾರಿಗೆ ಬಂತು, 0.1 ಮತ್ತೆ 0.1 ಆಯಿತು. 2018ರಲ್ಲಿ ಉಲ್ಫ್ ಆಡಮ್ಸ್ ಪ್ರಕಟಿಸಿದ ರ‍್ಯೂ ಎಂಬ ವಿಧಾನ ಅದೇ ಕೆಲಸವನ್ನು ಬಹಳ ವೇಗವಾಗಿ ಮಾಡುತ್ತದೆ. ಕಣ್ಣಿನ ಅಗತ್ಯವೂ ಯಂತ್ರದ ಅಗತ್ಯವೂ ಒಂದೇ ಪಠ್ಯದಲ್ಲಿ ಕೂಡಿಬಂದ ಅಪರೂಪದ ಜಾಗ ಇದು.

ಇಷ್ಟೆಲ್ಲ ಆದ ಮೇಲೂ ದತ್ತಾಂಶ ಸಂಸ್ಕರಣೆಯ ಲೈಬ್ರರಿಗಳಲ್ಲಿ ಹಳೆಯ ಕಷ್ಟಗಳು ಉಳಿದುಕೊಂಡಿವೆ. ಕಾಲಮ್ಮಿನ ಬಗೆ ಏನೆಂದು ಸಿಎಸ್‌ವಿ ಹೇಳುವುದಿಲ್ಲ, ಓದುವ ಲೈಬ್ರರಿ ಊಹಿಸಬೇಕು. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಪ್ಯಾಂಡಾಸ್‌ಗೆ 80 ಎಂಬ ಸಂಖ್ಯೆಯಾಗಿ ಕಾಣುತ್ತದೆ. ನಮೀಬಿಯಾದ ಎರಡಕ್ಷರದ ದೇಶಸಂಕೇತ ‘ಎನ್‌ಎ’ಯನ್ನು ಅದು ಖಾಲಿ ಕೋಶವೆಂದು ಭಾವಿಸುತ್ತದೆ. ಪ್ಯಾಂಡಾಸ್‌ನಿಂದ ಜೇಸನ್‌ಗೆ ಬರೆದರೆ, ನೀವಾಗಿ ಬದಲಿಸದ ಹೊರತು, ದಶಮಾಂಶದ ನಂತರ 10 ಸ್ಥಾನಗಳಷ್ಟೇ ಉಳಿಯುತ್ತವೆ. ಸಿಎಸ್‌ವಿಗೆ ಬರೆದು ಓದಿದರೆ ಕೋಶದೊಳಗಿನ ಪಟ್ಟಿ ಸ್ಟ್ರಿಂಗ್ ಆಗಿ ಮರಳುತ್ತದೆ. ಲಿಟರಲ್ ಇವ್ಯಾಲ್ ಬಳಸಿ ಅದನ್ನು ಮತ್ತೆ ಪಟ್ಟಿಯಾಗಿಸುವುದು ಅನೇಕರ ರೂಢಿ. ಆದರೆ 2024ರ ನಂಪೈ 2.0 ಸಂಖ್ಯೆಗಳ ರೆಪ್ರ್ ರೂಪವನ್ನೇ ಬದಲಿಸಿತು. ಪಟ್ಟಿಯೊಳಗಿನ ನಂಪೈ ಸಂಖ್ಯೆ ಬರಿಯ 0.1 ಆಗದೆ, ತನ್ನ ಬಗೆಯ ಹೆಸರು ಬರೆದು ಆವರಣದಲ್ಲಿ 0.1 ಎಂದು ಕಾಣಿಸಿಕೊಂಡಿತು. ಹೊಸ ರೂಪವನ್ನು ಲಿಟರಲ್ ಇವ್ಯಾಲ್ ಒಪ್ಪುವುದಿಲ್ಲ. ನನ್ನ ದೃಷ್ಟಿಯಲ್ಲಿ ನಂಪೈ ಬಳಗದ್ದು ತಪ್ಪಲ್ಲ. ನೋಡಲೆಂದು ಇರುವ ರೂಪವನ್ನು ಇನ್ನಷ್ಟು ಸ್ಪಷ್ಟಗೊಳಿಸುವ ಹಕ್ಕು ಅವರಿಗಿದೆ.

ಟೇಬಲ್‌ಗಳ ಮಟ್ಟಿಗೆ ದಾರಿ ಸಿಕ್ಕಿದೆ. 2013ರ ಪಾರ್ಕೆ ಮತ್ತು 2016ರ ಅಪಾಚೆ ಆ್ಯರೋ ಎಂಬ ದತ್ತಾಂಶ ರೂಪಗಳು ಪಠ್ಯವನ್ನೇ ಬಿಟ್ಟು, ಪ್ರತಿ ಕಾಲಮ್ಮಿನ ಬಗೆಯನ್ನು ದತ್ತಾಂಶದ ಜೊತೆಗೇ ಒಯ್ಯುತ್ತವೆ. 080 ಅಲ್ಲಿ ಸ್ಟ್ರಿಂಗ್ ಆಗಿ ಹೋದರೆ ಸ್ಟ್ರಿಂಗ್ ಆಗಿಯೇ ಬರುತ್ತದೆ. ಆದರೂ ಪಠ್ಯ ಸಾಯುವುದಿಲ್ಲ, ಸಾಯಲೂಬಾರದು. ಯಾವ ವಿಶೇಷ ಸಾಧನವೂ ಇಲ್ಲದೆ ತೆರೆದು ಓದಬಹುದಾದ ಫೈಲಿಗೆ ಅದರದೇ ಆಯುಷ್ಯವಿದೆ.

ಕನ್ನಡದ ದತ್ತಾಂಶಕ್ಕೆ ಇನ್ನೂ ಎರಡು ತೊಡಕುಗಳಿವೆ. ‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಪೈಥಾನ್‌ನ ಜೇಸನ್ ಲೈಬ್ರರಿ ತನ್ನ ಪೂರ್ವನಿಯೋಜಿತ ರೀತಿಯಲ್ಲಿ ಅದನ್ನು 30 ಆಸ್ಕಿ ಅಕ್ಷರಗಳಾಗಿ ಬರೆಯುತ್ತದೆ. ಏನೂ ಕಳೆದುಹೋಗುವುದಿಲ್ಲ, ಆದರೆ ಕನ್ನಡಿಗರಾರೂ ಅದನ್ನು ಓದಲಾರರು. ಎರಡನೆಯದು ಇದಕ್ಕಿಂತ ಅಪಾಯಕಾರಿ. ‘ಕೊಡಗು’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಜಿಲ್ಲಾವಾರು ಲೆಕ್ಕ ಹಾಕಿದರೆ ಮಾತ್ರ ಕೊಡಗು ಎರಡು ಜಿಲ್ಲೆಗಳಾಗಿ ಎದ್ದು ನಿಲ್ಲುತ್ತದೆ. ಯೂನಿಕೋಡ್‌ನ ಎನ್‌ಎಫ್‌ಸಿ ಸಾಮಾನ್ಯೀಕರಣ ಮಾಡಿದರೆ ಎರಡೂ ಒಂದಾಗುತ್ತವೆ. ಪ್ಯಾಂಡಾಸ್‌ನಲ್ಲಿ ಅದು ಒಂದು ಸಾಲಿನ ಕೆಲಸ.

ಆದ್ದರಿಂದ ಕನ್ನಡದ ದತ್ತಾಂಶ ಪ್ರಕಟಿಸುವ ಇಲಾಖೆಗಳಿಗೆ, ಸಂಶೋಧಕರಿಗೆ, ಸ್ವಯಂಸೇವಕರಿಗೆ ನನ್ನ ವಿನಂತಿ: ಎನ್‌ಎಫ್‌ಸಿ ಮಾಡಿ, ಯುಟಿಎಫ್-8ರಲ್ಲಿ ಬರೆಯಿರಿ. ಪ್ರತಿ ಕಾಲಮ್ ಸಂಖ್ಯೆಯೋ ಸ್ಟ್ರಿಂಗೋ ದಿನಾಂಕವೋ ಎಂಬ ವಿವರವನ್ನು ಚಿಕ್ಕ ಫೈಲಿನಲ್ಲಿ ಜೊತೆಗಿಡಿ. ಪ್ರಕಟಿಸುವ ಮುನ್ನ ಫೈಲನ್ನು ನೀವೇ ಮತ್ತೆ ಓದಿಸಿ, ಮೂಲದ ಜೊತೆ ಹೋಲಿಸಿ ನೋಡಿ.